ದನದ ಡಾಕ್ಟರ ಋಣ ತೀರಿಸುವ ಬಗೆ
(ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳ ಪಶುಪಾಲಕರಿಗಾಗಿ ಸಿದ್ಧಪಡಿಸಿದ ಭಾಷಣ)



ಚಿಕ್ಕಬಳ್ಳಾಪುರದ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಉತ್ತರ ಪಿನಾಕಿನಿ ನಂದಿಬೆಟ್ಟದ ಮಗ್ಗುಲಲ್ಲೇ ಹುಟ್ಟಿದರೂ ಅದರ ನೀರು ಕಾಣುವುದು ಒಳ್ಳೆಯ ಮಳೆಯಾದಾಗ. ಇಂಥ ನೆಲದಲ್ಲಿ ಸಂಸಾರಗಳನ್ನು ಎತ್ತಿ ನಿಲ್ಲಿಸಿರುವುದು ಎರಡು ಕಸುಬುಗಳು. ಒಂದು ರೇಷ್ಮೆ, ಮತ್ತೊಂದು ಹಾಲು. ಮಳೆ ಕೈಕೊಟ್ಟರೂ, ಗೂಡಿನ ಬೆಲೆ ಇಳಿದರೂ, ಹಾಲಿನ ಬಟವಾಡೆ ಬಂದರೆ ಅಂಗಡಿಯ ಸಾಲ ತೀರುತ್ತದೆ, ಮಕ್ಕಳ ಶಾಲೆಯ ಖರ್ಚು ನಡೆಯುತ್ತದೆ. ಆದ್ದರಿಂದ ಕೊಟ್ಟಿಗೆಯಲ್ಲಿ ಹಸು ಮೇವು ಬಿಟ್ಟು ಮಲಗಿತೆಂದರೆ ಮನೆಮಂದಿಗೆಲ್ಲ ಅನ್ನ ಇಳಿಯುವುದಿಲ್ಲ. ಆಗ ನೆನಪಾಗುವವರು ದನದ ಆಸ್ಪತ್ರೆಯ ಡಾಕ್ಟರು.

ಹಸು ಎದ್ದು ನಿಂತ ಮೇಲೆ ಏನಾಗುತ್ತದೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಹಾಗೆಂದು ರೈತರು ಕೃತಘ್ನರಲ್ಲ. ಉಪಕಾರ ಸ್ಮರಣೆ ಹಳ್ಳಿಯ ಜನರ ರಕ್ತದಲ್ಲೇ ಇದೆ. ಸಂಕ್ರಾಂತಿಯ ದಿನ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುವುದೂ ಕೃತಜ್ಞತೆಯೇ. ದನಕ್ಕೆ ಸಲ್ಲಿಸುವ ಈ ಕೃತಜ್ಞತೆಯನ್ನು ದನ ಉಳಿಸಿದವರಿಗೆ ಸಲ್ಲಿಸುವುದು ಹೇಗೆ ಎಂಬುದು ಅನೇಕರಿಗೆ ತಿಳಿಯದು. ಇಂದಿನ ಮಾತು ಅದನ್ನು ಕುರಿತದ್ದು.

ಕಾಣಿಕೆ ಏಕೆ ಬೇಡ?

ಸಾಮಾನ್ಯವಾಗಿ ರೈತರಿಗೆ ಹೊಳೆಯುವ ದಾರಿ ಒಂದೇ. ತೋಟದ ದ್ರಾಕ್ಷಿ, ಒಂದು ಚೀಲ ಆಲೂಗೆಡ್ಡೆ, ನಾಲ್ಕು ಎಳನೀರು, ಇಲ್ಲವೇ ಜೇಬಿಗೆ ತುರುಕುವ ನೋಟು. ಕೊಡುವವರ ಮನಸ್ಸು ದೊಡ್ಡದೇ. ಆದರೆ ಸರ್ಕಾರಿ ಪಶುವೈದ್ಯರು ನಡತೆಯ ನಿಯಮಗಳಿಗೆ ಒಳಪಟ್ಟವರು. ಮಾಡಿದ ಕೆಲಸಕ್ಕೆ ಹಣ, ಕಾಣಿಕೆ ಪಡೆಯುವಂತಿಲ್ಲ. ಕೈಗೆ ತುರುಕಿದರೆ ಮುಜುಗರವಾಗುವುದು ಅವರಿಗೆ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಒಂದು ಊರಿನಲ್ಲಿ ನಾಲ್ಕು ಮನೆಯವರು ಕೊಡಲು ಶುರುಮಾಡಿದರೆ ಐದನೆಯ ಮನೆಗೆ ಅದು ಕಟ್ಟಳೆಯಾಗುತ್ತದೆ. ಒಂದೇ ಹಸು ಕಟ್ಟಿಕೊಂಡು ಜೀವನ ಮಾಡುವ ವಿಧವೆ "ಕೊಡೋಕೆ ಏನೂ ಇಲ್ಲವಲ್ಲಪ್ಪಾ, ಬರಿಗೈಲಿ ಹೆಂಗೆ ಕರೀಲಿ" ಎಂದು ರಾತ್ರಿಯೆಲ್ಲ ಕಾದು ಕುಳಿತರೆ ಬೆಳಗಾಗುವುದರೊಳಗೆ ಹಸು ಹೋಗಿರುತ್ತದೆ. ಉಳ್ಳವರ ಔದಾರ್ಯ ಇಲ್ಲದವರ ಕೊರಳಿಗೆ ಉರುಳಾಗಬಾರದು. ಹೊರಗಿನ ಅಂಗಡಿಯಿಂದ ತರಿಸಿದ ಔಷಧಿಯ ಬೆಲೆ, ರಸೀದಿ ಕೊಡುವ ನಿಗದಿತ ಶುಲ್ಕ ಬೇರೆ ಮಾತು. ಖಾಸಗಿ ವೈದ್ಯರನ್ನು ಕರೆಸಿದರೆ ಅವರ ಶುಲ್ಕವನ್ನು ಚೌಕಾಸಿ ಮಾಡದೆ ಸಕಾಲದಲ್ಲಿ ಕೊಡುವುದೇ ಮರ್ಯಾದೆ.

ಕಾಣದ ಉಪಕಾರ

ಹಾಲುಜ್ವರದಿಂದ ಮಲಗಿದ ಹಸುವಿಗೆ ರಕ್ತನಾಳದ ಮೂಲಕ ಕ್ಯಾಲ್ಸಿಯಂ ಕೊಟ್ಟಾಗ, ಸತ್ತೇ ಹೋಯಿತೆಂದುಕೊಂಡ ಹಸು ಹಲವು ವೇಳೆ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುತ್ತದೆ. ನೋಡಿದವರು ಕೈಮುಗಿಯುತ್ತಾರೆ. ಅದೇ ವೈದ್ಯರು ಲಸಿಕೆಯ ಪೆಟ್ಟಿಗೆ ಹಿಡಿದು ಮನೆಮನೆ ಸುತ್ತಿದಾಗ ಕೈಮುಗಿಯುವವರಿಲ್ಲ. ಬಾರದೆ ಹೋದ ರೋಗ ಯಾರ ಕಣ್ಣಿಗೂ ಬೀಳುವುದಿಲ್ಲವಲ್ಲ!

ದೊಡ್ಡರೋಗದ ಹೆಸರನ್ನು ಇಂದಿನ ಹುಡುಗರು ಕೇಳಿಯೇ ಇಲ್ಲ. ಹಿಂದೆ ಅದು ಹೊಕ್ಕ ಊರಿನಲ್ಲಿ ಕೊಟ್ಟಿಗೆಗಳು ಬರಿದಾಗುತ್ತಿದ್ದವು, ಉಳುವುದಕ್ಕೆ ಎತ್ತು ಇರುತ್ತಿರಲಿಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲೇ ಇದರ ವಿರುದ್ಧ ಸೀರಂ ತಯಾರಿಸಲು ಬೆಂಗಳೂರಿನ ಹೆಬ್ಬಾಳದಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಆಮೇಲೆ ಹಲವು ದಶಕಗಳ ಕಾಲ ಪಶುವೈದ್ಯರೂ ಅವರ ಸಹಾಯಕರೂ ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗಿ ಲಸಿಕೆ ಹಾಕಿದರು. 1995ರ ನಂತರ ಭಾರತದಲ್ಲಿ ಆ ರೋಗ ಕಾಣಿಸಲಿಲ್ಲ. 2006ರಲ್ಲಿ ದೇಶ ದೊಡ್ಡರೋಗದಿಂದ ಮುಕ್ತವೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. 2011ರಲ್ಲಿ ಇಡೀ ಜಗತ್ತೇ ಮುಕ್ತವಾಯಿತೆಂದು ಘೋಷಣೆಯಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯ ಮೇಲಿಂದ ಅಳಿಸಿಹೋದ ಎರಡನೆಯ ರೋಗ ಇದು. ಇಷ್ಟು ದೊಡ್ಡ ಉಪಕಾರಕ್ಕೆ ಯಾವ ಊರಿನಲ್ಲೂ ಕಲ್ಲು ನೆಡಲಿಲ್ಲ.

ಲಸಿಕೆ ತಪ್ಪಿದರೆ ಏನಾಗುತ್ತದೆಂಬುದು 2013ರಲ್ಲಿ ಕಾಲುಬಾಯಿ ಜ್ವರ ಬಂದಾಗ ಎಲ್ಲರಿಗೂ ಗೊತ್ತಾಯಿತು. ಕೋಲಾರದ ಸೀಮೆಯೂ ಸೇರಿದಂತೆ ರಾಜ್ಯದಲ್ಲಿ ಸಾವಿರಾರು ರಾಸುಗಳು ಸತ್ತವು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗಲೂ ವೈದ್ಯರು ರಜೆಯಿಲ್ಲದೆ ಓಡಾಡಬೇಕಾಯಿತು. ರೋಗ ಬಂದಾಗ ಮಾತ್ರ ವೈದ್ಯರನ್ನು ನೆನೆಯುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ವೈದ್ಯರ ಕಷ್ಟ

ಈ ವೈದ್ಯರ ರೋಗಿ ಮಾತನಾಡುವುದಿಲ್ಲ, ಒದೆಯುತ್ತದೆ. ಅರ್ಧರಾತ್ರಿಯಲ್ಲಿ ಟಾರ್ಚಿನ ಬೆಳಕಿನಲ್ಲಿ, ಗಂಜಲದ ನೆಲದಲ್ಲಿ ಮಂಡಿಯೂರಿ, ಅಡ್ಡ ಸಿಕ್ಕಿಕೊಂಡ ಕರುವನ್ನು ಹೊರತೆಗೆಯಬೇಕು. ಅಷ್ಟೇ ಅಲ್ಲ, ದನದ ರೋಗ ವೈದ್ಯರಿಗೂ ಅಂಟುತ್ತದೆ. ಕಂದು ಹಾಕಿದ ಹಸುವಿನ ಸತ್ತೆಯನ್ನು ಮುಟ್ಟಿದವರಿಗೆ ಬ್ರುಸೆಲ್ಲಾ ರೋಗ ತಗುಲಬಹುದು. ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತಿಂಗಳುಗಟ್ಟಲೆ ಕಾಡಬಹುದು. ಈ ರೋಗದ ಲಸಿಕೆಯಲ್ಲಿ ಜೀವಂತ ರೋಗಾಣು ಇರುವುದರಿಂದ, ಕರು ಕೊಸರಾಡಿ ಸೂಜಿ ವೈದ್ಯರ ಕೈಗೆ ಚುಚ್ಚಿಕೊಂಡರೂ ಅಪಾಯವೇ. ಹುಚ್ಚುನಾಯಿ ರೋಗದ ಮಾತಂತೂ ಹೇಳಬೇಕಾದ್ದಿಲ್ಲ. ಅದರ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ.

ವೈದ್ಯರ ಕೆಲಸವನ್ನು ಹಗುರ ಮಾಡುವುದು, ಅವರ ಮೈಗೆ ಅಪಾಯ ತಾರದಿರುವುದು, ಅವರು ಪಟ್ಟ ಶ್ರಮ ವ್ಯರ್ಥವಾಗದಂತೆ ನೋಡಿಕೊಳ್ಳುವುದು, ಇದೇ ನಿಜವಾದ ಕೃತಜ್ಞತೆ. ಇದಕ್ಕೆ ದುಡ್ಡು ಬೇಡ, ಮನಸ್ಸು ಬೇಕು. ಲಾಭವೂ ರೈತನಿಗೇ. ಅದನ್ನು ಮಾಡುವ ಬಗೆ ಹೀಗಿದೆ.

1. ಹೊತ್ತಿಗೆ ಮುಂಚೆ ಹೇಳಿಕಳಿಸುವುದು

ಮೂರು ದಿನ ಮನೆಮದ್ದು ಮಾಡಿ, ನಾಲ್ಕನೆಯ ದಿನ ರಾತ್ರಿ ಹನ್ನೊಂದಕ್ಕೆ ವೈದ್ಯರನ್ನು ಎಬ್ಬಿಸುವುದು ಅವರಿಗೂ ಅನ್ಯಾಯ, ಹಸುವಿಗೂ ಅನ್ಯಾಯ. ಬೆಳಿಗ್ಗೆ ಮೇವು ಬಿಟ್ಟ ಹಸುವಿನ ಸುದ್ದಿ ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗಬೇಕು. ತಡಮಾಡಬಾರದ ಸಂದರ್ಭಗಳು ಇವು: ಕರು ಹಾಕಿದ ಮೂರು ದಿನಗಳೊಳಗೆ ಹಸು ಕಿವಿ ತಣ್ಣಗಾಗಿ, ಕತ್ತು ಪಕ್ಕಕ್ಕೆ ತಿರುಗಿಸಿ ಮಲಗಿದರೆ; ನೀರಿನ ಚೀಲ ಒಡೆದು, ತಿಣುಕಿದರೂ ಒಂದೆರಡು ಗಂಟೆಯಲ್ಲಿ ಕರು ಬಾರದಿದ್ದರೆ; ಎಡಹೊಟ್ಟೆ ತಮಟೆಯಂತೆ ಉಬ್ಬಿದರೆ; ಹನ್ನೆರಡು ಗಂಟೆಯಾದರೂ ಸತ್ತೆ ಬೀಳದಿದ್ದರೆ. ಸತ್ತೆಗೆ ಕಲ್ಲು ಕಟ್ಟುವುದು, ನಾಲ್ಕು ಜನ ಸೇರಿ ಕರುವಿನ ಕಾಲು ಹಿಡಿದು ಎಳೆಯುವುದು, ಮಲಗಿದ ಹಸುವಿನ ಬಾಯಿಗೆ ಗೊಟ್ಟದಲ್ಲಿ ಔಷಧಿ ಹೊಯ್ಯುವುದು, ಇವುಗಳನ್ನು ಮಾಡಲೇಬಾರದು. ಹೊಯ್ದ ಔಷಧಿ ಶ್ವಾಸಕೋಶಕ್ಕೆ ಇಳಿದರೆ ವೈದ್ಯರು ಬಂದೂ ಪ್ರಯೋಜನವಿಲ್ಲ.

ಸ್ಥಳೀಯ ವೈದ್ಯರು ಬೇರೆ ಊರಿಗೆ ಹೋಗಿದ್ದರೆ 1962 ಸಂಖ್ಯೆಗೆ ದೂರವಾಣಿ ಮಾಡಿ ಸಂಚಾರಿ ಪಶು ಚಿಕಿತ್ಸಾ ವಾಹನದ ಸೇವೆ ಕೇಳಬಹುದು. ಗರ್ಭಧಾರಣೆಯ ವಿಷಯದಲ್ಲೂ ಹೊತ್ತು ಮುಖ್ಯ. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಸಂಜೆ, ಸಂಜೆ ಬಂದ ಹಸುವಿಗೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು. ಎರಡು ದಿನ ಕಳೆದ ಮೇಲೆ ಕರೆಸಿ, ಗರ್ಭ ನಿಲ್ಲಲಿಲ್ಲವೆಂದು ವೈದ್ಯರನ್ನು ದೂರುವುದು ತರವಲ್ಲ.

2. ನಿಜ ಹೇಳುವುದು

ವೈದ್ಯರು ಮೊದಲು ಕೇಳುವ ಮಾತು, "ಏನು ತಿಂದಿತ್ತು?" ಸಂಕೋಚದಿಂದಲೋ ಹೆದರಿಕೆಯಿಂದಲೋ "ಏನೂ ಇಲ್ಲ ಸ್ವಾಮಿ, ಬರೀ ಹುಲ್ಲು" ಎನ್ನುವ ಉತ್ತರ ಅನೇಕ ದನಗಳ ಪ್ರಾಣ ತೆಗೆಯುತ್ತದೆ. ಚಿಕ್ಕಬಳ್ಳಾಪುರದ ದ್ರಾಕ್ಷಿ, ತರಕಾರಿ ತೋಟದ ಬದುವಿನ ಹುಲ್ಲು ಮೇಯ್ದಿದ್ದರೆ ಯಾವ ಔಷಧಿ ಸಿಂಪಡಿಸಿತ್ತೆಂಬುದನ್ನು ಹೇಳಿ, ಅದರ ಡಬ್ಬಿಯನ್ನೇ ತಂದು ತೋರಿಸಬೇಕು. ವಿಷಕ್ಕೆ ತಕ್ಕಂತೆ ಪ್ರತಿವಿಷ ಬೇರೆಯಾಗುತ್ತದೆ. ಗೌರಿಬಿದನೂರಿನ ಕಡೆ ಮಳೆಯಿಲ್ಲದೆ ಬಾಡಿದ ಎಳೆಯ ಜೋಳದ ಪೈರಿಗೆ ದನ ನುಗ್ಗಿದ್ದರೆ ಅದನ್ನು ಮುಚ್ಚಿಡಬಾರದು. ಅಂಥ ಪೈರಿನಲ್ಲಿ ಸಯನೈಡ್ ವಿಷ ಇರುತ್ತದೆ. ಚಿಂತಾಮಣಿಯ ಕಡೆ ಬೆಲೆ ಬಿದ್ದು ಸುರಿದ ಟೊಮೆಟೊ ರಾಶಿಗೆ ಬಾಯಿಹಾಕಿದ್ದರೆ, ಮದುವೆ ಮನೆಯ ಅನ್ನ ಬುಟ್ಟಿಗಟ್ಟಲೆ ತಿಂದಿದ್ದರೆ, ಶಿಡ್ಲಘಟ್ಟದ ಹುಳುಮನೆಗಳಲ್ಲಿ ಸುಣ್ಣ ಅಥವಾ ಸೋಂಕುನಾಶಕ ಪುಡಿ ಉದುರಿಸಿದ ಹಾಸಿಗೆಯ ಸೊಪ್ಪು ಹಾಕಿದ್ದರೆ, ಅದೆಲ್ಲವನ್ನೂ ಹೇಳಬೇಕು. ಬೇರೆಯವರಿಂದ ಮೊದಲೇ ಚುಚ್ಚುಮದ್ದು ಹಾಕಿಸಿದ್ದರೆ ಅದನ್ನೂ ಹೇಳಬೇಕು. ವೈದ್ಯರು ಬೈಯಬಹುದು. ಬೈಗುಳಕ್ಕಿಂತ ಹಸು ದೊಡ್ಡದು.

ಎಲ್ಲಕ್ಕಿಂತ ಮುಖ್ಯವಾಗಿ, ನಾಯಿ ಕಚ್ಚಿದ್ದನ್ನು ಮುಚ್ಚಿಡಕೂಡದು. ರೇಬೀಸ್ ಬಂದ ಹಸು ಜೊಲ್ಲು ಸುರಿಸುತ್ತ, ಗಂಟಲಿಗೆ ಏನೋ ಸಿಕ್ಕಿಕೊಂಡಂತೆ ಕಾಣುತ್ತದೆ, ವಿಕಾರವಾಗಿ ಅರಚುತ್ತದೆ. ನುಂಗಿದ್ದನ್ನು ತೆಗೆಯೋಣವೆಂದು ಬಾಯೊಳಗೆ ಕೈಹಾಕುವವನು ರೈತ, ಇಲ್ಲವೇ ವೈದ್ಯ. "ಹದಿನೈದು ದಿನದ ಹಿಂದೆ ಬೀದಿನಾಯಿ ಕಚ್ಚಿತ್ತು" ಎಂಬ ಒಂದು ಮಾತು ಎರಡು ಜೀವಗಳನ್ನು ಉಳಿಸಬಲ್ಲದು. ಕಚ್ಚಿದ ಗಾಯವನ್ನಾಗಲಿ, ಜೊಲ್ಲು ತಾಗಿದ ಗಾಯವನ್ನಾಗಲಿ ಕೂಡಲೇ ಸೋಪು ಹಚ್ಚಿ, ಧಾರೆಯಾಗಿ ಬೀಳುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು.

3. ಬಿಸಿನೀರು, ಸೋಪು, ಗಟ್ಟಿ ಹಗ್ಗ

ವೈದ್ಯರು ಬರುವ ವೇಳೆಗೆ ದನವನ್ನು ಹೊಲದಿಂದ ತಂದು ಕಟ್ಟಿರಬೇಕು. ಗಟ್ಟಿ ಹಗ್ಗ, ಬೆಳಕು, ಹಿಡಿಯಲು ಬಲವಾದ ಇಬ್ಬರು ಆಳು ಇರಬೇಕು. ಮನೆಯ ನಾಯಿಯನ್ನು ಕಟ್ಟಿಹಾಕಿರಬೇಕು. ಮಕ್ಕಳೂ ನೋಡಲು ಬಂದವರೂ ದೂರ ನಿಲ್ಲಬೇಕು. ದನವನ್ನು ನೋಡಿಕೊಳ್ಳುವ ಹೆಣ್ಣುಮಗಳು ಹತ್ತಿರದಲ್ಲೇ ಇರಬೇಕು. ಹಾಲು ಯಾವಾಗ ಇಳಿಯಿತು, ಸಗಣಿ ಹೇಗಿತ್ತು ಎಂಬುದು ಗೊತ್ತಿರುವುದು ಆಕೆಗೆ, ಪೇಟೆಯಿಂದ ಈಗ ಬಂದ ಯಜಮಾನನಿಗಲ್ಲ. ಕೆಲಸ ಮುಗಿದ ಮೇಲೆ ಒಂದು ಬಕೆಟ್ ಬಿಸಿನೀರು, ಹೊಸ ಸೋಪು, ಒಗೆದ ಟವೆಲು ಕೊಡುವುದು ಬರಿಯ ಉಪಚಾರವಲ್ಲ. ವೈದ್ಯರನ್ನೂ ಅವರು ಮುಂದೆ ಹೋಗುವ ಮನೆಯ ದನವನ್ನೂ ರೋಗದಿಂದ ಕಾಯುವ ಕ್ರಮ ಅದು. ಜೊತೆಗೆ ಬಂದ ಸಹಾಯಕರನ್ನೂ ಹಾಗೆಯೇ ಕಾಣಬೇಕು. ಆಮೇಲೆ ಒಂದು ಲೋಟ ಕಾಫಿ ಕೊಟ್ಟರೆ ಯಾರೂ ತಪ್ಪೆನ್ನಲಾರರು.

4. ಹೇಳಿದ್ದನ್ನು ಪೂರ್ತಿ ಮಾಡುವುದು

ಐದು ದಿನ ಹಾಕಿಸಬೇಕಾದ ಔಷಧಿಯನ್ನು ಎರಡನೆಯ ದಿನ ಹಸು ಮೇವು ತಿಂದಿತೆಂದು ನಿಲ್ಲಿಸಿದರೆ, ಸಾಯದೆ ಉಳಿದ ರೋಗಾಣುಗಳು ಮದ್ದಿಗೆ ಬಗ್ಗದಂತಾಗುತ್ತವೆ. ಕೆಚ್ಚಲುಬಾವಿನಲ್ಲಿ ಇದು ಪದೇ ಪದೇ ಕಾಣುವ ತೊಂದರೆ. ವೈದ್ಯರು ಬರೆದ ಚೀಟಿಯನ್ನು ಬಿಸಾಡದೆ, ಹಸುವಿನ ಕಿವಿಯೋಲೆಯ ಹನ್ನೆರಡು ಅಂಕಿಗಳ ಸಂಖ್ಯೆಯೊಡನೆ ಒಂದು ಪುಸ್ತಕದಲ್ಲಿ ಅಂಟಿಸಿಟ್ಟರೆ, ಮುಂದಿನ ಸಲ ಬರುವ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಔಷಧಿ ಹಾಕಿದ ಮೇಲೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದೆಂದು ಹೇಳಿದ್ದಾರೋ ಅಷ್ಟು ದಿನ ಹಾಕಬಾರದು. ಆ ಹಾಲು ಕುಡಿಯುವುದು ಯಾರದೋ ಮನೆಯ ಎಳೆಯ ಮಗು.

5. ಲಸಿಕೆಯ ದಿನ ಬಾಗಿಲು ತೆರೆಯುವುದು

"ಲಸಿಕೆ ಹಾಕಿಸಿದರೆ ಹಾಲು ಇಳಿಯುತ್ತೆ" ಎಂದು ಹಸುವನ್ನು ತೋಟಕ್ಕೆ ಅಟ್ಟಿಬಿಡುವ ಮನೆಗಳುಂಟು. ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯಬಹುದು, ಮತ್ತೆ ಏರುತ್ತದೆ. ಕಾಲುಬಾಯಿ ಜ್ವರ ಬಂದರೆ ಇಳಿದ ಹಾಲು ಹಿಂದಿನ ಮಟ್ಟಕ್ಕೆ ಬರುವುದೇ ಕಷ್ಟ. ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ; ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಮ್ಮೆ ಬ್ರುಸೆಲ್ಲಾ ಲಸಿಕೆ; ಕುರಿ ಮೇಕೆಗಳಿಗೆ ಕರುಳುಬೇನೆ, ಹಿರೇಬೇನೆಯ ಲಸಿಕೆ. ಇವುಗಳನ್ನು ತಪ್ಪಿಸದಿರುವುದು ವೈದ್ಯರಿಗೆ ಮಾಡುವ ದೊಡ್ಡ ಸನ್ಮಾನ.

ಮನೆ ಕಾಯುವ ನಾಯಿಯನ್ನು ಮರೆಯಬಾರದು. ದನಕ್ಕೆ ಸಾವಿರ ರೂಪಾಯಿ ಖರ್ಚು ಮಾಡುವವರು ನಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ನಾಚುತ್ತಾರೆ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ, ಆಮೇಲೆ ವೈದ್ಯರು ಹೇಳಿದಂತೆ ವರ್ಷ ವರ್ಷ ಮುಂದುವರಿಸಬೇಕು. ಲಸಿಕೆ ಹಾಕಿಸಿದ ನಾಯಿ ಮನೆಗೂ ದನಕ್ಕೂ ವೈದ್ಯರಿಗೂ ಕಾವಲು.

6. ದನ ಸತ್ತಾಗ ತಾಳ್ಮೆ

ಇದು ಎಲ್ಲಕ್ಕಿಂತ ಕಷ್ಟದ ಕೃತಜ್ಞತೆ. ಎಷ್ಟೇ ಮಾಡಿದರೂ ಕೆಲವು ದನಗಳು ಉಳಿಯುವುದಿಲ್ಲ. ಐವತ್ತು ಅರವತ್ತು ಸಾವಿರ ರೂಪಾಯಿ ಸಾಲ ಮಾಡಿ ತಂದ ಹಸು ಕಣ್ಣೆದುರು ಸತ್ತಾಗ ದುಃಖ ಸಿಟ್ಟಾಗಿ ತಿರುಗುವುದು ಸಹಜ. ಆ ಸಿಟ್ಟು ಇಂಜೆಕ್ಷನ್ ಕೊಟ್ಟ ಕೈಯ ಮೇಲೆ ಬೀಳುವುದೂ ಉಂಟು. ಅಂಥ ಜಾಗಕ್ಕೆ ಮತ್ತೊಮ್ಮೆ ರಾತ್ರಿ ಹೊತ್ತು ಹೋಗಲು ಯಾವ ವೈದ್ಯರಿಗೆ ಧೈರ್ಯ ಬಂದೀತು? ನಿಜವಾಗಿ ನಿರ್ಲಕ್ಷ್ಯ ಕಂಡರೆ ಮೇಲಿನ ಅಧಿಕಾರಿಗಳಿಗೆ ಬರೆದು ತಿಳಿಸುವ ಹಕ್ಕು ಎಲ್ಲ ರೈತರಿಗೂ ಇದೆ. ಆದರೆ ಮೊದಲು ಮರಣೋತ್ತರ ಪರೀಕ್ಷೆಗೆ ಒಪ್ಪಬೇಕು. ಅದರಿಂದ ಸಾವಿನ ಕಾರಣ ತಿಳಿಯುತ್ತದೆ, ವಿಮೆಯ ಹಣಕ್ಕೂ ಆಧಾರವಾಗುತ್ತದೆ, ಪಕ್ಕದ ಕೊಟ್ಟಿಗೆಯೂ ಉಳಿಯುತ್ತದೆ. ಇದ್ದಕ್ಕಿದ್ದಂತೆ ಸತ್ತ ದನದ ಮೂಗು, ಗುದದಿಂದ ರಕ್ತ ಒಸರುತ್ತಿದ್ದರೆ ಮಾತ್ರ ಯಾರೂ ಕೊಯ್ಯಬಾರದು, ಚರ್ಮ ಸುಲಿಯಬಾರದು. ಅದು ನೆರಡಿ ರೋಗವಿರಬಹುದು. ವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

7. ನಾಲ್ಕು ಸಾಲಿನ ಕಾಗದ

ದೂರಿನ ಅರ್ಜಿಗಳು ಕಚೇರಿಗೆ ದಿನವೂ ಹೋಗುತ್ತವೆ. ಮೆಚ್ಚುಗೆಯ ಕಾಗದ ಹೋಗುವುದು ಅಪರೂಪ. ತಾಲ್ಲೂಕಿನ ಪಶುಪಾಲನಾ ಇಲಾಖೆಯ ಸಹಾಯಕ ನಿರ್ದೇಶಕರಿಗೆ, ಇಲ್ಲವೇ ಚಿಕ್ಕಬಳ್ಳಾಪುರದ ಉಪ ನಿರ್ದೇಶಕರಿಗೆ ಹೀಗೆ ಬರೆದರೆ ಸಾಕು:

"ಮಾನ್ಯರೇ, ಇಂಥ ಗ್ರಾಮದ ಇಂಥವರ ಮನೆಯ ಹಸು ಇಂಥ ತಾರೀಖು ರಾತ್ರಿ ಕರು ಹಾಕಲಾರದೆ ಒದ್ದಾಡುತ್ತಿತ್ತು. ತಿಳಿಸಿದ ಕೂಡಲೇ ತಮ್ಮ ಆಸ್ಪತ್ರೆಯ ವೈದ್ಯರೂ ಸಹಾಯಕರೂ ಬಂದು ಮೂರು ಗಂಟೆ ಶ್ರಮಪಟ್ಟು ಹಸುವನ್ನೂ ಕರುವನ್ನೂ ಉಳಿಸಿದರು. ಇದಕ್ಕಾಗಿ ಮನೆಯವರೆಲ್ಲರೂ ಕೃತಜ್ಞರು. ಇದನ್ನು ಅವರ ಗಮನಕ್ಕೂ ತರಬೇಕಾಗಿ ಪ್ರಾರ್ಥನೆ."

ಏನು ನಡೆಯಿತೋ ಅಷ್ಟನ್ನೇ ಬರೆಯಬೇಕು, ಹೊಗಳಿಕೆ ಬೇಡ. ಬರೆಯಲು ಬಾರದವರಿಗೆ ಶಾಲೆಗೆ ಹೋಗುವ ಮಕ್ಕಳು ಬರೆದುಕೊಡಬಹುದು. ಕೆಲಸ ಮಾಡಿದವರ ಹೆಸರು ಕಚೇರಿಯ ಕಡತದಲ್ಲಿ ಒಳ್ಳೆಯ ಮಾತಿನೊಡನೆ ಉಳಿಯುವುದು ಹಾರ ತುರಾಯಿಗಿಂತ ಹೆಚ್ಚು.

ವಿಸ್ತರಣಾ ಕಾರ್ಯಕರ್ತರು ಮತ್ತು ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿಗಳು ಇದರಲ್ಲಿ ಕೈಜೋಡಿಸಬಹುದು. ಸಂಘದ ಗೋಡೆಯ ಮೇಲೆ ಆಸ್ಪತ್ರೆಯ ವೇಳೆ, ಲಸಿಕೆಯ ತಾರೀಖು, 1962 ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಬರೆಸಲಿ. ಊರಿನಲ್ಲಿ ದನ ಹಿಡಿದು ನಿಲ್ಲಿಸಲು ಮರದ ಚೌಕಟ್ಟು ಇಲ್ಲದಿದ್ದರೆ ಹಾಕಿಸಲಿ. ಏಪ್ರಿಲ್ ತಿಂಗಳ ಕೊನೆಯ ಶನಿವಾರ ವಿಶ್ವ ಪಶುವೈದ್ಯ ದಿನ. ಅಂದು ಹಾರ ಹಾಕುವ ಬದಲು, ಊರಿನಲ್ಲಿ ಲಸಿಕೆ ತಪ್ಪಿದ ರಾಸು ಎಷ್ಟು, ನಾಯಿ ಎಷ್ಟು ಎಂದು ಪಟ್ಟಿಮಾಡಿ ವೈದ್ಯರ ಕೈಗೆ ಕೊಟ್ಟರೆ ಅದಕ್ಕಿಂತ ಸಂತೋಷ ಅವರಿಗೆ ಬೇರೆ ಇರಲಾರದು.

ರೈತ ಬಾಂಧವರೇ, ಶಿವರಾತ್ರಿಯ ಕಾಲಕ್ಕೆ ನಂದಿಯಲ್ಲಿ ನಡೆಯುವ ದನದ ಜಾತ್ರೆಯಲ್ಲಿ ಒಳ್ಳೆಯ ಜೋಡಿಯನ್ನು ಕಂಡವರು ಸಾಕಿದವನನ್ನು ಹೊಗಳುತ್ತಾರೆ. ಆ ಜೋಡಿ ಕರುವಾಗಿದ್ದಾಗ ಲಸಿಕೆ ಹಾಕಿದವರು ಯಾರೆಂದು ಕೇಳುವವರಿಲ್ಲ. ಇನ್ನು ಮುಂದೆ ಕೇಳುವ ರೂಢಿಯಾಗಲಿ. ನಾಳೆ ಬೆಳಿಗ್ಗೆ ಹಾಲು ಹಾಕಿ ಬರುವಾಗ ಹಸುವಿಗೆ ಮುಂದಿನ ಲಸಿಕೆ ಯಾವಾಗ ಎಂದು ವಿಚಾರಿಸಿಕೊಂಡು ಬಂದರೆ, ಋಣ ತೀರಿಸುವ ಕೆಲಸ ಅಲ್ಲಿಂದಲೇ ಶುರುವಾದಂತೆ.